ಹಿಂದಿನ ಸೀಟಿನ ನೀರು

ಚಳಿಗಾಲದ ಬೆಳಿಗ್ಗೆ ಹೊರಗೆ ನಿಂತು ಕಾರಿನ ಗಾಜು ಕೆರೆಯುವವನನ್ನು ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅದು ಹಲ್ಲುಜ್ಜಿದಷ್ಟೇ ಸಹಜ. ಆದರೆ ಕಾರಿನ ಒಳಗೆ ಕೂತು, ಸ್ಟಿಯರಿಂಗಿಗೆ ಹೊಟ್ಟೆ ಒತ್ತಿಕೊಂಡು, ಒಳಗಿನಿಂದ ಗಾಜು ಕೆರೆಯುವವನಿದ್ದಾನಲ್ಲ, ಅವನನ್ನು ನೋಡಿಯೇ ನೋಡುತ್ತಾರೆ. ನೋಡಿ, ನೋಡದವರ ಹಾಗೆ ಮುಂದೆ ಹೋಗುತ್ತಾರೆ. ಖಾಸಿಂ ನದಾಫನಿಗೆ ಆ ನೋಡದ ಹಾಗೆ ಹೋಗುವುದೇ ಹೆಚ್ಚು ಚುಚ್ಚುತ್ತಿತ್ತು.

ಚುಚ್ಚದೆ ಏನು? ಟೋರ್ಸ್‌ಲಾಂಡದ ಕಾರು ಕಂಪನಿಯಲ್ಲಿ ಅವನ ಕೆಲಸವೇ ಕಾರಿನ ಗಾಜಿನ ಮಂಜು ಬಿಡಿಸುವುದು. ಬಟ್ಟೆ ಹಿಡಿದು ಒರೆಸುವುದಲ್ಲ ಮಾರಾಯರೇ, ಯಾವ ಕಿಂಡಿಯಿಂದ ಎಷ್ಟು ಬಿಸಿಗಾಳಿ ಬೀಸಿದರೆ ಗಾಜು ಎಷ್ಟು ಬೇಗ ತಿಳಿಯಾಗುತ್ತದೆ ಎಂದು ಲೆಕ್ಕ ಹಾಕುವ ಇಂಜಿನಿಯರು ಅವನು. ನವೆಂಬರ್ ಬಂತೆಂದರೆ ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಉದ್ದನೆಯ ಉಪದೇಶ ಕಳಿಸುತ್ತಿದ್ದ. ಒದ್ದೆ ಮ್ಯಾಟು ಕಾರಿನಲ್ಲಿ ಬಿಡಬೇಡಿ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಬೇಡಿ, ಹೊರಗಿನ ಗಾಳಿ ಬರಲಿ. ಚಳಿ ಎಂದು ಎಸಿ ಆರಿಸಬೇಡಿ, ಗಾಳಿಯ ಪಸೆ ಹೀರುವುದೇ ಅದು. ಕಡೆಗೊಂದು ಸಾಲು: ಗಾಜು ತಾನಾಗಿ ಬೆವರುವುದಿಲ್ಲ, ಕಾರಿನಲ್ಲಿ ಎಲ್ಲೋ ನೀರಿದೆ, ಹುಡುಕಿ. ಅದೇ ಕಂಪನಿಯಲ್ಲಿ ಬೇರೆ ವಿಭಾಗದಲ್ಲಿದ್ದ ಮೈಸೂರಿನ ರಾಮದಾಸ ಅವನಿಗೆ ‘ಮಂಜಿನ ಡಾಕ್ಟರು’ ಎಂದು ಹೆಸರೇ ಇಟ್ಟಿದ್ದ.

ಈ ಸಲ ಡಾಕ್ಟರ ಕಾರಿಗೇ ರೋಗ ಬಡಿದಿತ್ತು. ನವೆಂಬರ್ ಅರ್ಧ ಕಳೆಯುವಷ್ಟರಲ್ಲಿ ಗಾಜಿನ ಒಳಮೈಗೆ ಬಿಳಿ ಹಿಮ ಹತ್ತತೊಡಗಿತು. ಕೆರೆದರೆ ಪುಡಿಪುಡಿಯಾಗಿ ತೊಡೆಯ ಮೇಲೆ ಉದುರಿ, ಕರಗಿ, ಪ್ಯಾಂಟು ಒದ್ದೆಯಾಗುತ್ತಿತ್ತು. ಒಂದು ದಿನ ಕಂಪನಿಯ ಪಾರ್ಕಿಂಗಿನಲ್ಲಿ ರಾಮದಾಸನ ಕೈಗೇ ಸಿಕ್ಕಿಬಿದ್ದ.

"ಏನ್ ಡಾಕ್ಟ್ರೇ, ನಿಮ್ ಮೆಸೇಜ್ ಓದಿ ನಮ್ ಕಾರ್ ಗ್ಲಾಸ್ ಪಳಪಳ ಅಂತಿದೆ ಕಣ್ರೀ. ನಿಮ್ದ್ಯಾಕೆ ಹಿಂಗೆ?"

"ಡೋರ್ ರಬ್ಬರ್ ಹೋಗಿರ್ಬೇಕು. ತೋರ್ಸೋಕೆ ಟೈಮೇ ಆಗ್ತಿಲ್ಲ," ಎಂದ ಖಾಸಿಂ, ತನ್ನ ರಾಣೆಬೆನ್ನೂರಿನ ಮಾತನ್ನು ಅದುಮಿಟ್ಟು, ಬೆಂಗಳೂರಿನವರ ಧಾಟಿಯಲ್ಲಿ. ರಬ್ಬರ್ ಗಟ್ಟಿಮುಟ್ಟಾಗಿಯೇ ಇತ್ತು.

ಮನೆಯಲ್ಲಿ ಹೆಂಡತಿ ಅರ್ಷಿಯಾ ತನಗೆ ತೋಚಿದ್ದು ಮಾಡಿದಳು. ಹಳೆಯ ಕಾಲುಚೀಲದಲ್ಲಿ ಅಕ್ಕಿ ತುಂಬಿ ಡ್ಯಾಶ್‌ಬೋರ್ಡಿನ ಮೇಲಿಟ್ಟಳು. ಬೆಕ್ಕಿಲ್ಲದ ಮನೆಗೆ ಬೆಕ್ಕಿನ ಮರಳು ತಂದು ಸೀಟಿನ ಕೆಳಗಿಟ್ಟಳು. ಕೆಳಗೆಲ್ಲ ಹಳೆಯ ಪೇಪರು ಹಾಸಿದಳು. ಅಕ್ಕಿ ಮೆತ್ತಗಾಯಿತು, ಮರಳು ಗಟ್ಟಿಯಾಯಿತು, ಹಿಮ ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಆಗ ಖಾಸಿಂ ಕಾರಣ ಕಂಡುಹಿಡಿದ. ಬುಧವಾರ ಬುಧವಾರ ಮಗಳು ರೂಹಿಯನ್ನು ಅವನೇ ಈಜಿಗೆ ಕರೆದೊಯ್ಯುತ್ತಿದ್ದನಲ್ಲ, ಅವಳ ಆ ಒದ್ದೆ ಚೀಲ.

ರೂಹಿಗೆ ಒಂಬತ್ತು ವರ್ಷ. ಹೋದ ವರ್ಷದವರೆಗೂ ಕುತ್ತಿಗೆಗೆ ನೀರು ಬಂದರೆ ಚೀರುತ್ತಿದ್ದ ಹುಡುಗಿ. ಈಗ ಕೊಳದ ಆ ತುದಿಗೆ ಹೋಗಿ ಹಿಂದಿರುಗುವಷ್ಟಾಗಿದ್ದಳು. ಡಿಸೆಂಬರಿನಲ್ಲಿ ಪರೀಕ್ಷೆ. ಎಲ್ಲೂ ಹಿಡಿಯದೆ ಈಜಿದರೆ ಬಟ್ಟೆಯ ಬಿಲ್ಲೆಯೊಂದನ್ನು ಕೊಡುತ್ತಾರೆ, ಅದನ್ನು ಎಲ್ಲಿ ಹೊಲಿಸಬೇಕೆಂದು ಆಗಲೇ ತಾಯಿಗೆ ತೋರಿಸಿಟ್ಟಿದ್ದಳು. ಅವಳದು ತೋಳು ಕಾಲು ತುಂಬ ಇರುವ ಈಜುಡುಪು. ಕೊಳದಲ್ಲಿ ಅಂಥದ್ದು ತೊಟ್ಟವಳು ಅವಳೊಬ್ಬಳೇ, ಆದರೂ ಧಡಾರನೆ ಎಲ್ಲರಿಗಿಂತ ಮೊದಲು ಹಾರುವವಳು. ಅಷ್ಟುದ್ದದ ಬಟ್ಟೆ ನೀರು ಹೀರುವುದೂ ಜಾಸ್ತಿ, ನಿಜ. ಖಾಸಿಂಗೆ ಅದು ಒಳ್ಳೆಯ ಆಧಾರವಾಗಿ ಒದಗಿತು.

ಡಿಸೆಂಬರಿನ ಮೊದಲ ವಾರದ ಒಂದು ಬೆಳಿಗ್ಗೆ. ಎಂಟಾದರೂ ಕತ್ತಲು. ಹೊತ್ತಾಗಿತ್ತೆಂದು ಖಾಸಿಂ ಗಾಜಿನಲ್ಲಿ ತಟ್ಟೆಯಗಲ ಜಾಗ ಕೆರೆದು, ಅದರಲ್ಲೇ ಇಣುಕುತ್ತ ಕಾರು ಹೊರಡಿಸಿದ. ರೂಹಿ ಹಿಂದೆ ಬಲಗಡೆಯ ತನ್ನ ಜಾಗದಲ್ಲಿ ಕೂತಿದ್ದಳು. ಇಬ್ಬರ ಉಸಿರಿಗೆ ಆ ತಟ್ಟೆಯೂ ಮತ್ತೆ ಮಸುಕಾಗುತ್ತ ಬಂತು. ಎದುರಿನಿಂದ ಬಸ್ಸೊಂದು ತಿರುಗಿ ಅದರ ದೀಪ ಬಿದ್ದದ್ದೇ ಇಡೀ ಗಾಜು ಸುಣ್ಣ ಬಳಿದ ಗೋಡೆಯಾಯಿತು. ಏನೂ ಕಾಣಲಿಲ್ಲ. ಏನೋ ಮಿಂಚಿದಂತಾಗಿ ಬ್ರೇಕ್ ಒತ್ತಿದ. ಕಾರು ಕರಕರ ಸದ್ದು ಮಾಡುತ್ತ ಜಾರಿ ನಿಂತಿತು.

ಪಕ್ಕದ ಕಿಟಕಿ ಇಳಿಸಿ ನೋಡಿದರೆ, ಜೀಬ್ರಾ ಪಟ್ಟಿಯ ಮೇಲೆ ಒಬ್ಬ ಮುದುಕಿ. ಗಾಲಿಯ ನಡಿಗೆ ಗಾಡಿ ಹಿಡಿದು, ಕಾರಿನ ಮೂತಿಗೆ ಒಂದು ಮಾರು ದೂರದಲ್ಲಿ. ಮಿಂಚಿದ್ದು ಕತ್ತಲಲ್ಲಿ ಕಾಣಲೆಂದು ಅವಳ ಕೋಟಿಗೆ ತೂಗುಬಿಟ್ಟಿದ್ದ ಹೊಳೆಯುವ ಬಿಲ್ಲೆ. ಬೈದಿದ್ದರೂ ಆಗುತ್ತಿತ್ತು. ಆಕೆ ಪರವಾಗಿಲ್ಲ ಎನ್ನುವಂತೆ ಕೈ ಎತ್ತಿ, ಗಾಡಿ ತಳ್ಳಿಕೊಂಡು ನಿಧಾನವಾಗಿ ರಸ್ತೆ ದಾಟಿದಳು.

ಹೆದರಿದ ಖಾಸಿಂ ಕಿಟಕಿ ಏರಿಸಿದ. ಆ ಭಯವೆಲ್ಲ ಹಿಂದಿನ ಸೀಟಿನ ಕಡೆ ತಿರುಗಿತು.

"ನೋಡ್ದೀ? ನಿನ್ನ ಕಾಲಾಗ ಹಿಂಗಾತು! ಎಷ್ಟ ಸಲ ಹೇಳೀನಿ, ಹಸಿ ಅರಿವಿ ಕಾರಿನ್ಯಾಗ ತರಬ್ಯಾಡ ಅಂತ? ಆ ಅಜ್ಜಿ ಜೀವ ಹೋಗಿದ್ರ ಏನ್ ಮಾಡ್ತಿದ್ದಿ?"

ರೂಹಿ ಅಳಲಿಲ್ಲ. ತನ್ನ ಬೂಟು ನೋಡಿಕೊಂಡು, "ಫೋರ್‌ಲೋಟ್," ಎಂದಳು. ತಪ್ಪಾಯಿತು ಅನ್ನುವುದಕ್ಕೆ ಅವಳಿಗೆ ಯಾವಾಗಲೂ ಸ್ವೀಡಿಷೇ ಮೊದಲು ಬರುವುದು.

ಈಗ ಹೇಳಿಬಿಡುವುದೇ ಒಳ್ಳೆಯದು. ನೀರು ಎಲ್ಲಿಂದ ಬರುತ್ತಿತ್ತು ಎಂಬುದು ಈ ಮಹಾನುಭಾವನಿಗೆ ಗೊತ್ತಿತ್ತು. ಮಗಳಿಗೆ ಹಾಗೆ ಬೈಯುವಾಗಲೂ ಗೊತ್ತಿತ್ತು.

ನಮಾಜು ಸೂರ್ಯನನ್ನು ನೋಡಿಕೊಂಡು ನಡೆಯುವಂಥದು. ಸ್ವೀಡನ್ನಿನ ಬೇಸಿಗೆಯಲ್ಲಿ ಆಫೀಸಿನ ಹೊತ್ತಿಗೆ ಬೀಳುವುದು ಒಂದೇ. ಡಿಸೆಂಬರಿನಲ್ಲಿ ಹಗಲು ಕುಗ್ಗಿ, ಮಧ್ಯಾಹ್ನದ್ದು, ಇಳಿಹೊತ್ತಿನದ್ದು, ಸಂಜೆಯದ್ದು ಮೂರೂ ಆಫೀಸಿನಲ್ಲೇ ಬಂದು ಬೀಳುತ್ತವೆ. ನಮಾಜಿಗೆ ಮೊದಲು ವುಜೂ ಆಗಬೇಕು. ಕೈ, ಬಾಯಿ, ಮುಖ, ಮೊಣಕೈವರೆಗೆ ತೋಳು, ಇವನ್ನೆಲ್ಲ ಆಫೀಸಿನ ಬೇಸಿನ್ನಿನಲ್ಲಿ ಯಾರಿಗೂ ಅನುಮಾನ ಬರದ ಹಾಗೆ ತೊಳೆಯಬಹುದು. ತೊಡಕಿರುವುದು ಕಾಲಿನದು. ಕೋಟು ಹಾಕಿದ ದೊಡ್ಡ ಮನುಷ್ಯನೊಬ್ಬ ಒಂಟಿಕಾಲಲ್ಲಿ ನಿಂತು, ಜನ ಕೈ ತೊಳೆಯುವ ಬೇಸಿನ್ನಿಗೆ ಇನ್ನೊಂದು ಕಾಲು ಎತ್ತಿಡಬೇಕು.

ಕೆಲಸಕ್ಕೆ ಸೇರಿದ ವರ್ಷ ಖಾಸಿಂ ಹಾಗೆಯೇ ಎತ್ತಿಟ್ಟಿದ್ದ. ಆಗಲೇ ಬಾಗಿಲು ತೆರೆದು ಬಂದವನು ಅವನ ಟೀಮಿನ ಹಿರಿಯ, ಸ್ತೂರೆ. "ಓಯ್, ಫೋರ್‌ಲೋಟ್," ಎಂದವನೇ ಬಾಗಿಲು ಎಳೆದುಕೊಂಡು ಹೊರಗೆ ಹೋದ. ಅಷ್ಟೇ ಆದದ್ದು. ಸಂಜೆಯ ಫೀಕಾದಲ್ಲಿ, ಎಲ್ಲರೂ ಕೂತು ಕಾಫಿ ಕುಡಿಯುವಾಗ, ಸ್ತೂರೆ ಎಂದಿನಂತೆ ದಾಲ್ಚಿನ್ನಿ ಬನ್ನಿನ ತಟ್ಟೆ ಇವನ ಕಡೆ ಸರಿಸಿ, ಮಳೆಯ ಬಗ್ಗೆ ಮಾತಾಡಿದ. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಉತ್ತರ ಕೊಡಬಹುದಿತ್ತು. ಅನ್ನದ ಮಾತನ್ನು ಖಾಸಿಂ ಆರು ವರ್ಷದಿಂದ ತಾನೇ ತನಗೆ ಅಂದುಕೊಳ್ಳುತ್ತ ಬಂದಿದ್ದ.

ಅಂದಿನಿಂದ ವುಜೂ ಕಾರಿನಲ್ಲಿ. ಪಾರ್ಕಿಂಗಿನ ಕೊನೆಯ ಮೂಲೆ, ಹಿಂದಿನ ಎಡಗಡೆ ಸೀಟು, ಕಾಲ ಕೆಳಗೆ ಪಾತ್ರೆ ತೊಳೆಯುವ ಪ್ಲಾಸ್ಟಿಕ್ ಟಬ್ಬು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಮೊಣಕಾಲು ಮುಂದಿನ ಸೀಟಿಗೆ ತಾಗುವ ಇಕ್ಕಟ್ಟಿನಲ್ಲಿ ನೀರು ಟಬ್ಬಿಗೆ ಬಿದ್ದಷ್ಟೇ ಆಚೆಗೂ ಬೀಳುತ್ತಿತ್ತು. ಹೊರಗೆ ಚೆಲ್ಲಲು ಎತ್ತುವಾಗ ಇನ್ನಷ್ಟು ತುಳುಕುತ್ತಿತ್ತು. ಹಿಂದಿನ ವರ್ಷಗಳಲ್ಲಿ ಅದು ಹೇಗೋ ಆರಿಹೋಗುತ್ತಿತ್ತು, ಈ ಸಲ ಚಳಿ ಬೇಗ ಬಿದ್ದು ನೆಲಹಾಸಿನಲ್ಲೇ ನಿಂತಿತ್ತು. ಒದ್ದೆ ಟವೆಲ್ಲು ಸೀಟಿನ ಕೆಳಗೆ ಹೋಗುತ್ತಿತ್ತು, ಟಬ್ಬು ಡಿಕ್ಕಿಯಲ್ಲಿ ಕಂಬಳಿಯ ಅಡಿಗೆ. ಇದೆಲ್ಲ ಬೇಡವೆಂದರೆ ಚರ್ಮದ ಕಾಲುಚೀಲ ತೊಟ್ಟು, ಅದರ ಮೇಲೆ ಒದ್ದೆ ಕೈ ಸವರಿದರೂ ನಡೆಯುತ್ತದೆ. ತಾಯಿ ಊರಿನಿಂದ ಅಂಥದ್ದೊಂದು ಜೊತೆ ಕಳಿಸಿಯೂ ಇದ್ದಳು. ಇದೇನಿದು ಎಂದು ಯಾರಾದರೂ ಕೇಳಿದರೆ ಎಂದು ಅದು ಕಪಾಟಿನಲ್ಲೇ ಉಳಿದಿತ್ತು. ಅರ್ಷಿಯಾ ವಿಚಾರಿಸಿದಾಗಲೆಲ್ಲ, "ಆಫೀಸಿನ್ಯಾಗ ಎಲ್ಲಾ ವ್ಯವಸ್ಥಾ ಐತಿ," ಎಂದು ಜಂಬದಿಂದ ಹೇಳಿದ್ದ. ದೇವರ ಮುಂದೆ ನಿಲ್ಲಲು ಕಳ್ಳನ ಹಾಗೆ ಸಿದ್ಧನಾಗುವುದು ಎಂಥ ಬಾಳು ಎಂದು ಅವನಿಗೆ ಅನ್ನಿಸುತ್ತಿರಲಿಲ್ಲವೇ? ದಿನಾ ಅನ್ನಿಸುತ್ತಿತ್ತು. ಅನ್ನಿಸಿದರೂ ಫ್ಲಾಸ್ಕು ತುಂಬಿಕೊಂಡೇ ಹೊರಡುತ್ತಿದ್ದ.

ಬೈದ ಮರುಬುಧವಾರ ರೂಹಿ ಈಜಿಗೆ ಹೊರಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅರ್ಷಿಯಾ ಹೇಳಿದಳು:

"ಕಿವಿ ನೋಯ್ತೈತಿ ಅಂತಾಳ. ಸುಳ್ಳು. ಮುಂದಿನ ವಾರ ಪರೀಕ್ಷಾ ಐತಿ, ಅದಕ್ಕೂ ಹೋಗೂದಿಲ್ಲಂತ."

"ಬಿಡ, ಮುಂದಿನ ವರ್ಷ ಕೊಟ್ರಾತು," ಎಂದ ಖಾಸಿಂ. ಹಾಗೆನ್ನುವಾಗ ಒಳಗೆ ಏನೋ ಹಗುರಾದದ್ದು ಅವನಿಗೇ ತಿಳಿಯಿತು. ಮಗಳು ಸುಮ್ಮನಾದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಇಂಥ ನೆಮ್ಮದಿ ಯಾವ ತಂದೆಗೂ ಬರಬಾರದು. ಅವನಿಗೆ ಬಂದಿತ್ತು.

ಒದ್ದೆ ಚೀಲವಿಲ್ಲದ ಆ ವಾರ ಹಿಮ ಕಡಿಮೆಯಾಗಬೇಕಿತ್ತಲ್ಲವೇ? ಇನ್ನೂ ದಪ್ಪವಾಯಿತು. ಆಫೀಸಿನಲ್ಲಾಗಿದ್ದರೆ ಇಂಥ ಪ್ರಯೋಗದ ಫಲವನ್ನು ಅವನೇ ಪರದೆಯ ಮೇಲೆ ಹಾಕಿ, ಕಾರಣ ಇದಲ್ಲ, ಮುಂದಕ್ಕೆ ನೋಡೋಣ ಎನ್ನುತ್ತಿದ್ದ.

ಭಾನುವಾರ ಅರ್ಷಿಯಾ ವ್ಯಾಕ್ಯೂಮ್ ಹಿಡಿದು ಕೆಳಗಿಳಿದಳು. ಡಿಕ್ಕಿಯ ಕಡೆ ಅವಳು ಹೋಗದಿರಲೆಂದು ಖಾಸಿಂ, "ಅದನ್ನ ನಾ ಗುಡಿಸ್ತೀನಿ," ಎಂದು ಮೊದಲೇ ಹೋಗಿ ಅಡ್ಡ ನಿಂತ. ಅವಳು ಮ್ಯಾಟುಗಳನ್ನು ಒಂದೊಂದಾಗಿ ಎತ್ತಿದಳು. ರೂಹಿಯ ಕಡೆ ಕೈಯಿಟ್ಟು ನೋಡಿದಳು, ಒಣಗಿತ್ತು. ಎಡಗಡೆ ಕೈಯೂರಿದಳು. ನೆಲಹಾಸಿನಿಂದ ಪಿಚಕ್ಕನೆ ನೀರು ಬೆರಳ ಸಂದಿಯಲ್ಲಿ ಬಂತು. ಅಂಚು ಹಿಡಿದು ಎತ್ತಿದರೆ ಕೆಳಗೆ ಮಂಜುಗಡ್ಡೆಯ ಹಾಳೆ.

"ಯಾರೂ ಕೂಡಂಗಿಲ್ಲಲ್ಲರೀ ಇಲ್ಲಿ? ಇಷ್ಟ ನೀರ ಎಲ್ಲಿಂದ ಬಂತು?"

"ಬಾಗಲದ ರಬ್ಬರ್ ಹೋಗೇತಿ."

ಅರ್ಷಿಯಾ ಬಾಗಿಲಿನ ರಬ್ಬರಿನ ಉದ್ದಕ್ಕೂ ಬೆರಳಾಡಿಸಿ, ಬೆರಳು ನೋಡಿಕೊಂಡಳು. ಪಸೆಯೇ ಇರಲಿಲ್ಲ. ಗಂಡನ ಮುಖ ನೋಡಿದಳು. ಅವನು ಡಿಕ್ಕಿಯ ಬೀಗ ನೋಡುತ್ತಿದ್ದ.

"ಏನರ ಇರ್ಲಿ," ಎಂದಳು. "ರೂಹಿ ಚೀಲದ್ದಂತೂ ಅಲ್ಲ. ಅಕಿಗೆ ಹೇಳ್ರಿ."

"ಏನಂತ?"

"ನಿಂದಲ್ಲವ್ವಾ ಅಂತ. ಅಜ್ಜಿ ಜೀವ ಹೋಗ್ತಿತ್ತು ಅಂತ ಬೈದವ್ರು ನೀವ, ಹೇಳಬೇಕಾದವ್ರೂ ನೀವ."

ಅಜ್ಜಿಯ ಸಂಗತಿಯನ್ನು ಅರ್ಷಿಯಾಗೆ ರೂಹಿ ಹೇಳಿದ್ದಳು. ಖಾಸಿಂ ಸೋಮವಾರ ಹೇಳಲಿಲ್ಲ, ಮಂಗಳವಾರವೂ ಹೇಳಲಿಲ್ಲ. ನಿಂದಲ್ಲ ಎಂದರೆ ಮತ್ತೆ ಯಾರದು ಎಂದು ಕೇಳುವ ವಯಸ್ಸು ಅವಳದು.

ಬುಧವಾರ ಬಂತು. ಮಧ್ಯಾಹ್ನದ ಮೀಟಿಂಗಿನಲ್ಲಿ ಕೂತರೂ ಅವನ ತಲೆಯಲ್ಲಿ ಅದೇ ಓಡುತ್ತಿತ್ತು. ಇವತ್ತು ಬಿಟ್ಟರೆ ಅವಳ ಪರೀಕ್ಷೆ ಹೋಯಿತು. ತನ್ನ ಕಾಲು ಮುಚ್ಚಿಡಲು ಮಗಳ ಒಂದು ವರ್ಷ ತೆಗೆದುಕೊಂಡಂತಾಯಿತು. ಸ್ತೂರೆಗೆ ಬೇಗ ಹೋಗುತ್ತೇನೆಂದು ಹೇಳಿ ಎದ್ದ. ಮನೆಗೆ ಹೋಗಿ ಈಜಿನ ಚೀಲ ತಾನೇ ತುಂಬಿ, ಶಾಲೆಯಿಂದ ರೂಹಿಯನ್ನು ಕರೆದುಕೊಂಡು ಈಜುಕೊಳದ ಮುಂದೆ ಕಾರು ನಿಲ್ಲಿಸಿದ. ಆಗಲೇ ಕತ್ತಲಾಗಿತ್ತು. ಕೊಳದ ಕಟ್ಟಡಕ್ಕೆ ಈ ಕಡೆ ಪೂರಾ ಗಾಜಿನ ಗೋಡೆ, ಒಳಗೆ ದೀಪಗಳು, ನೀಲಿ ನೀರು.

"ಇಲ್ಲಿಗ್ಯಾಕ ಅಬ್ಬಾ?"

"ಇವತ್ತ ಪರೀಕ್ಷಾ ಐತಲ್ಲ."

"ನಾ ಹೋಗೂದಿಲ್ಲ."

ಎಂಜಿನ್ ಆರಿಸಿದ್ದರಿಂದ ಗಾಜು ಕೆಳಗಿನಿಂದ ಮಸುಕಾಗುತ್ತ ಬಂತು. ಖಾಸಿಂ ಮುಂದೆಯೇ ನೋಡುತ್ತ ಕೂತ. ನಾಲಿಗೆಯ ತುದಿಗೆ ಮತ್ತೆ ರಬ್ಬರೇ ಬಂತು. ಎಷ್ಟು ಸುಲಭದ ಮಾತು. ನುಂಗಿಕೊಂಡ.

"ರೂಹಿ, ಆ ನೀರ ನಿಂದಲ್ಲ. ನಂದು."

"ಗೊತ್ತೈತಿ."

ಅವನು ತಿರುಗಿ ನೋಡಿದ. ಅವಳು ಕೈಗವಸು ತೆಗೆದು, ಕಿಟಕಿಯ ಮಂಜನ್ನು ಬೆರಳಿಂದ ಒರೆಸಿ, ಗಾಜಿನ ಗೋಡೆಯ ಕಡೆ ತೋರಿಸಿದಳು.

"ಅಲ್ಲಿಂದ ಕಾಣ್ತೈತಿ. ನೀ ಒಳಗ ಲೈಟ್ ಹಚ್ಕೊಂಡಿರ್ತಿ, ಹೊರಗ ಕತ್ತಲಿರ್ತೈತಿ. ನನ್ನ ಜೋಡಿ ಈಜೂ ತೂವಾ ಕೇಳಿದ್ಲು, ನಿಮ್ಮ ಪಪ್ಪಾ ಏನ್ ಮಾಡಾಕತ್ತಾರ ಅಂತ."

ಖಾಸಿಂನ ಕಿವಿ ಕಾದವು. ಮಗಳು ಈಜುವಾಗ ಸಂಜೆಯ ನಮಾಜಿಗೆ ಇಲ್ಲಿಯೂ ಅದೇ ಟಬ್ಬು, ಅದೇ ಫ್ಲಾಸ್ಕು. ಎಷ್ಟು ಬುಧವಾರ! ಅಡಗಿ ಕೂತಿದ್ದೇನೆ ಎಂದುಕೊಂಡವನು ನಾಟಕದ ಸ್ಟೇಜಿನ ಮೇಲೆ ಕೂತಿದ್ದ.

"ನೀ ಏನಂದಿ?"

"ಕಾಲ ತೊಳ್ಕೋತಾರ ಅಂದೆ."

"ಅಕಿ ಏನಂದ್ಲು?"

"ಓಕೆ ಅಂದ್ಲು." ರೂಹಿಗೆ ಅದರಲ್ಲಿ ಹೇಳುವಂಥದ್ದೇನೂ ಇರಲಿಲ್ಲ.

"ಮತ್ತ ಅವತ್ತ ನಾ ಬೈದಾಗ, ನಿಂದ ನೀರ ಅಬ್ಬಾ ಅಂತ ಯಾಕ ಹೇಳಲಿಲ್ಲ?"

"ನೀ ಟಬ್ ಮುಚ್ಚಿ ಇಡ್ತಿ. ನೀ ಅಮ್ಮಿಗೂ ಹೇಳಿಲ್ಲ. ಹೇಳಬಾರದಂತ ತಿಳದೆ."

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ. ಆದರೂ ಇನ್ನೊಂದು ಕೇಳಬೇಕಿತ್ತು.

"ಈಜಾಕ ಯಾಕ ಬ್ಯಾಡ ಅಂದಿ? ನಾ ಬೈದೆ ಅಂತನಾ?"

ರೂಹಿ ಸ್ವಲ್ಪ ಯೋಚಿಸಿದಳು. ಶಾಲೆಯ ಲೆಕ್ಕ ಬಿಡಿಸುವಾಗಿನ ಮುಖ.

"ಇಬ್ಬರ ನೀರೂ ಕೂಡಿದ್ರ ಭಾಳ ಆಗ್ತೈತಿ, ಅಬ್ಬಾ. ಹಂಗಾಗಿ ಅಜ್ಜಿ ಕಾಣಲಿಲ್ಲ. ನಿಂದ ನಮಾಜಿಂದು, ಬಿಡಾಕ ಬರಂಗಿಲ್ಲ. ನಂದ ಬಿಡಬಹುದು."

ಖಾಸಿಂ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡ. ಅಳು ಬಂತು, ಅದನ್ನೂ ಗಾಜಿನ ಕಡೆ ತಿರುಗಿ ಮುಚ್ಚಿಟ್ಟ. ಅಭ್ಯಾಸ, ಏನು ಮಾಡುವುದು. ಆಮೇಲೆ ಇಳಿದು, ಹಿಂದಿನ ಬಾಗಿಲು ತೆರೆದು, ಚೀಲ ಅವಳ ಕೈಗೆ ಕೊಟ್ಟ.

"ನಡಿ, ಇಳಿ. ನಿಂದ ನೀ ಬಿಡೂದು ಬ್ಯಾಡ."

"ಗಾಜಿಗೆ ಮತ್ತ ಹಿಮ ಬರ್ತೈತಿ."

"ಬರಂಗಿಲ್ಲ. ನಂದ ನೀರ ಇನ್ನ ಕಾರಿನ್ಯಾಗ ಬೀಳೂದಿಲ್ಲ."

ಅವಳು ಇಳಿದು, ಓಡಿದಳು.

ಸಂಜೆಯ ನಮಾಜಿನ ಹೊತ್ತಾಗಿತ್ತು. ಖಾಸಿಂ ಡಿಕ್ಕಿ ತೆರೆಯಲಿಲ್ಲ. ಕಟ್ಟಡದ ಒಳಗೆ ಗಂಡಸರ ಕೈ ತೊಳೆಯುವ ಕೋಣೆಗೆ ಹೋಗಿ, ಬೂಟು, ಕಾಲುಚೀಲ ಬಿಚ್ಚಿಟ್ಟು, ಬಲಗಾಲು ಎತ್ತಿ ಬೇಸಿನ್ನಿಗೆ ಇಟ್ಟ. ನಲ್ಲಿ ತಿರುಗಿಸಿದ. ಬಾಗಿಲು ತೆರೆಯಿತು. ಸಣ್ಣ ಮಗುವಿನ ಕೈ ಹಿಡಿದ ಒಬ್ಬ ಅಪ್ಪ. ಮಗು ನಿಂತು ಕಾಲನ್ನೇ ನೋಡಿತು. ನಾಚಿಕೆ ಎಲ್ಲಿಗೂ ಓಡಿಹೋಗಲಿಲ್ಲ, ಹಳೆಯದೇ, ಅಷ್ಟೇ ಬಿಸಿಯಾಗಿ ಕುತ್ತಿಗೆಯಿಂದ ಕಿವಿಗೆ ಏರಿತು. ಕಾಲು ಕೆಳಗಿಳಿಯಲು ಹವಣಿಸಿತು. ಖಾಸಿಂ ಇಳಿಸಲಿಲ್ಲ. ಹರಡಿನವರೆಗೆ ತೊಳೆದು, ಎಡಗಾಲನ್ನೂ ಎತ್ತಿಟ್ಟು ತೊಳೆದು, ಕಾಗದದಿಂದ ಬೇಸಿನ್ನಿನ ಅಂಚು ಸ್ವಚ್ಛವಾಗಿ ಒರೆಸಿದ. ಆ ಅಪ್ಪ ಪಕ್ಕದ ಬೇಸಿನ್ನಿನಲ್ಲಿ ಮಗುವಿನ ಕೈ ತೊಳೆಸಿಕೊಂಡು ಹೋದ.

ನಮಾಜು ಮುಗಿಸಿ ಕಾರಿನ ಬಳಿ ಕಾಯುತ್ತಿದ್ದಾಗ ರೂಹಿ ಬಂದಳು, ಮುಷ್ಟಿಯಲ್ಲಿ ಬಿಲ್ಲೆ. ಬಾಗಿಲು ತೆರೆದಿದ್ದರೂ ಒಳಗೆ ಹತ್ತಲಿಲ್ಲ. ಕೊರೆಯುವ ಚಳಿಯಲ್ಲಿ ನಿಂತು ಟೋಪಿ ತೆಗೆದು, ಜಡೆಯನ್ನು ಎರಡೂ ಕೈಯಲ್ಲಿ ಹಿಂಡತೊಡಗಿದಳು. ಹಿಮದ ಮೇಲೆ ನೀರು ತೊಟ್ಟಿಕ್ಕಿತು.

"ಏನ್ ಮಾಡಾಕತ್ತೀ? ಬಾ ಒಳಗ!"

"ಒದ್ದಿ ಐತಿ."

"ಇರ್ಲಿ ಬಾ."

ಅವಳ ಕೈಯಿಂದ ಚೀಲ ತೆಗೆದುಕೊಂಡ. ಈಜುಡುಪನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅದನ್ನು ಇನ್ನೊಂದರಲ್ಲಿ ಹಾಕಿ, ಬಾಯಿಗೆ ಬಿಗಿಯಾಗಿ ಗಂಟಿನ ಮೇಲೆ ಗಂಟು ಹಾಕಿದ್ದಳು. ಕವರುಗಳನ್ನು ಅವನು ತುಂಬಿರಲಿಲ್ಲ. ಬಹಳ ಸಲ ಮಡಚಿ ಬಿಚ್ಚಿದ ಹಳೆಯ ಕವರುಗಳು, ಅವಳು ಮೊದಲಿನಿಂದಲೂ ಚೀಲದಲ್ಲಿ ಇಟ್ಟುಕೊಂಡಿದ್ದಂಥವು. ಖಾಸಿಂಗೆ ಅವಳ ಮುಖ ನೋಡಲಾಗಲಿಲ್ಲ.

ಕಾರು ಹೊರಟಿತು. ಅವಳ ಕೂದಲಿನ ಹಬೆಗೆ ಗಾಜು ಮಸುಕಾಯಿತು. ಅವನು ಕಿಟಕಿಯನ್ನು ಒಂದು ಬೆರಳು ಇಳಿಸಿ, ಬಿಸಿಗಾಳಿ ಪೂರ್ತಿ ಬಿಟ್ಟ.

"ಮನಿಗೆ ಹೋಗಿ ಅಮ್ಮಿಗೆ ನಾನ ಹೇಳ್ತೀನಿ," ಎಂದ.

"ಏನಂತ?" ಹಿಂದಿನಿಂದ ರೂಹಿ ಕೇಳಿದಳು. "ರಬ್ಬರ್ ಅಂತನಾ?"

ಅದನ್ನೂ ಅವಳು ಕೇಳಿಸಿಕೊಂಡಿದ್ದಳು. ಸಿಗ್ನಲ್ಲಿನಲ್ಲಿ ನಿಂತಿದ್ದ ಖಾಸಿಂ ದೀಪ ಹಸಿರಾದದ್ದನ್ನೂ ನೋಡದೆ ಕೂತ. ಹಿಂದಿನ ಕಾರಿನವನು ಹಾರ್ನ್ ಹೊಡೆಯದೆ ಸುಮ್ಮನೆ ಕಾದ.

"ಅಲ್ಲವ್ವಾ," ಎಂದ ಕಡೆಗೆ. "ನನ್ನ ಕಾಲಿನ ನೀರ ಅಂತ."